ನಮ್ಮ ಪಾಲಿಸಿಯಲ್ಲಿ ಅವರ ಹೆಸರು ಯಾಕೆ ಬೇಕು?

ಪ್ರಶ್ನೆ: ನಮ್ಮದು ಕಕ್ಕಬ್ಬೆ ಕಡೆ ಕಾಫಿ ತೋಟ. ತೋಟದೊಳಗೇ ಐದು ರೂಮಿನ ಹೋಂಸ್ಟೇ ಇದೆ. ಬೆಂಗಳೂರಿನ ಒಂದು ಕಂಪನಿಯವರು ಡಿಸೆಂಬರ್‌ನಲ್ಲಿ 60 ಜನರನ್ನು ಒಂದು ದಿನದ ಔಟಿಂಗ್‌ಗೆ ಕರೆತರುತ್ತಾರಂತೆ. ನಮ್ಮ ಲಯಬಿಲಿಟಿ ಪಾಲಿಸಿಯಲ್ಲಿ ಅವರನ್ನು ‘ಅಡಿಷನಲ್ ಇನ್ಶೂರ್ಡ್’ ಆಗಿ ಸೇರಿಸಬೇಕು, 2 ಕೋಟಿ ರೂಪಾಯಿ ಕವರ್ ಇರಬೇಕು, ನಮ್ಮ ವಿಮಾ ಕಂಪನಿ ಅವರಿಂದ ಹಣ ವಸೂಲಿಗೆ ಹೋಗಬಾರದು ಅಂತೆಲ್ಲ ಒಪ್ಪಂದದಲ್ಲಿ ಬರೆದಿದ್ದಾರೆ. ಏಜೆಂಟ್ ಕೇಳಿದರೆ ‘ಒಂದು ಸರ್ಟಿಫಿಕೇಟ್ ಕೊಟ್ಟರಾಯ್ತು, ತಲೆ ಕೆಡಿಸಿಕೊಳ್ಳಬೇಡಿ’ ಅಂತಾರೆ. ನಮ್ಮ ಜಾಗದಲ್ಲಿ ಬೇರೊಬ್ಬರು ಜಿಪ್‌ಲೈನ್ ನಡೆಸುತ್ತಾರೆ, ಅದೂ ಆ ದಿನ ಇರುತ್ತದೆ. ಇನ್ನೊಂದು ವಿಷಯ. ನನ್ನ ತಮ್ಮ ಅಮೆರಿಕಕ್ಕೆ ಕಾಫಿ ಕಳಿಸಲು ಓಡಾಡುತ್ತಿದ್ದಾನೆ. ಅಲ್ಲಿ ಕೊಳ್ಳುವವರೂ ತಮ್ಮ ಹೆಸರು ಸೇರಿಸಿ ಅಂತಿದ್ದಾರೆ. ಎರಡೂ ಒಂದೇನಾ? ಸಹಿ ಹಾಕಬಹುದಾ ಸರ್?
ಒಬ್ಬ ಓದುಗರು, ಮಡಿಕೇರಿ ತಾಲ್ಲೂಕು

ಉತ್ತರ: ಹಾಕಬಹುದು. ಆದರೆ ಈ ವಾರ ಬೇಡ.

ಮೊದಲು ಬೀರುವಿನಲ್ಲಿರುವ ನಿಮ್ಮ ಪಾಲಿಸಿ ತೆಗೆದು ನೋಡಿ. ನನ್ನ ಹತ್ತಿರ ಬರುವ ಹೋಂಸ್ಟೇ ಮಾಲೀಕರಲ್ಲಿ ಎಷ್ಟೋ ಜನ ‘ನಮಗೆ ಇನ್ಶೂರೆನ್ಸ್ ಇದೆ’ ಅಂತ ತೋರಿಸುವುದು ಬೆಂಕಿ ವಿಮೆಯನ್ನು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಮೇಲೆ ನಮ್ಮ ಕಡೆ ವಿಮೆಯ ಮಾತು ಜಾಸ್ತಿ ಆಯಿತು, ನಿಜ. ಆದರೆ ಆ ಮಾತೆಲ್ಲ ಮನೆ, ಗೋಡೆ, ಗೋದಾಮಿನ ಸುತ್ತಲೇ ಇತ್ತು. ನಿಮ್ಮ ಸ್ವತ್ತು ಹಾಳಾದರೆ ಹಣ ಕೊಡುವುದು ಒಂದು ವಿಮೆ. ನಿಮ್ಮ ತಪ್ಪಿನಿಂದ ಬೇರೆಯವರಿಗೆ ಪೆಟ್ಟಾಗಿ, ಅವರು ಪರಿಹಾರ ಕೇಳಿದಾಗ ಹಣ ಕೊಡುವುದು ಇನ್ನೊಂದು. ಎರಡನೆಯದೇ ಹೊಣೆಯ ವಿಮೆ, ಅಂದರೆ ಲಯಬಿಲಿಟಿ ಪಾಲಿಸಿ. ನಮ್ಮಲ್ಲಿ ಇದು ‘ಪಬ್ಲಿಕ್ ಲಯಬಿಲಿಟಿ’ ಹೆಸರಿನಲ್ಲೋ ‘ಸಿಜಿಎಲ್’, ಅಂದರೆ ಕಮರ್ಷಿಯಲ್ ಜನರಲ್ ಲಯಬಿಲಿಟಿ, ಹೆಸರಿನಲ್ಲೋ ಸಿಗುತ್ತದೆ. ಕೆಲವು ಪ್ಯಾಕೇಜ್ ಪಾಲಿಸಿಗಳಲ್ಲಿ ಇದು ಒಂದು ಸಣ್ಣ ಭಾಗವಾಗಿ ಇರುತ್ತದೆ. ನಿಮ್ಮ ಹತ್ತಿರ ಈ ಭಾಗವೇ ಇಲ್ಲದಿದ್ದರೆ, ಕಂಪನಿಯವರ ಹೆಸರು ಸೇರಿಸುವ ಮಾತು ಸೂರೇ ಇಲ್ಲದ ಮನೆಗೆ ನೆಂಟರನ್ನು ಕರೆದ ಹಾಗೆ.

ಇದೆ ಅಂತಲೇ ಇಟ್ಟುಕೊಳ್ಳೋಣ. ಈಗ ಅವರು ಯಾಕೆ ಕೇಳುತ್ತಿದ್ದಾರೆ ನೋಡಿ.

ನಿಮ್ಮ ಮನೆಯಿಂದ ತೋಡಿಗೆ ಇಳಿಯುವ ಕಲ್ಲಿನ ಮೆಟ್ಟಿಲಲ್ಲಿ ಪಾಚಿ ಕಟ್ಟಿದೆ. ಬಂದವರಲ್ಲಿ ಒಬ್ಬರು ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಅವರ ವಕೀಲರು ನಿಮಗೆ ಮಾತ್ರ ನೋಟಿಸ್ ಕೊಡುವುದಿಲ್ಲ. ಕರೆತಂದ ಕಂಪನಿಗೂ ಕೊಡುತ್ತಾರೆ, ‘ಇಂಥ ಜಾಗ ಆರಿಸಿದ್ದು ನಿಮ್ಮ ತಪ್ಪು’ ಅಂತ. ಆಗ ಕಂಪನಿಯವರು ತಮ್ಮ ಪಾಲಿಸಿಗೆ ಕೈ ಹಾಕದೆ ನಿಮ್ಮ ವಿಮಾ ಕಂಪನಿಗೆ ಹೇಳಬಹುದು: ‘ನಾವೂ ಈ ಪಾಲಿಸಿಯಲ್ಲಿ ಇದ್ದೇವೆ. ನಮಗೂ ವಕೀಲರನ್ನು ಇಡಿ, ತೀರ್ಪು ಬಂದರೆ ಹಣ ಕೊಡಿ.’ ಅವರ ಕ್ಲೇಮ್ ದಾಖಲೆ ಸ್ವಚ್ಛವಾಗಿ ಉಳಿಯುತ್ತದೆ. ಪ್ರೀಮಿಯಂ ನಿಮ್ಮದು. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಜಾಗ ನಿಮ್ಮದು, ಪಾಚಿಯೂ ನಿಮ್ಮದು.

ಈ ಹೆಸರು ಸೇರಿಸುವ ಕಾಗದಕ್ಕೆ ಎಂಡಾರ್ಸ್‌ಮೆಂಟ್ ಅಂತಾರೆ. ಪಾಲಿಸಿಗೆ ಆಮೇಲೆ ಅಂಟಿಸುವ ತಿದ್ದುಪಡಿ ಅದು. ಹೊರಗಿನ ಒಬ್ಬರನ್ನು ಪಾಲಿಸಿಯೊಳಗೆ ತರುತ್ತದೆ. ಆದರೆ ಯಜಮಾನರನ್ನಾಗಿ ಅಲ್ಲ. ಜಮ್ಮ ಜಾಗದ, ಅಂದರೆ ಕೊಡಗಿನ ಕುಟುಂಬಗಳಿಗೆ ತಲೆಮಾರಿನಿಂದ ಬಂದ ಜಮೀನಿನ, ಪಹಣಿ ನೋಡಿದವರಿಗೆ ಇದನ್ನು ಹೇಳುವುದು ಸುಲಭ. ಅಲ್ಲಿ ಪಟ್ಟೇದಾರರು ಅಂತ ಒಬ್ಬರಿರುತ್ತಾರೆ. ಕಂದಾಯ, ಕಾಗದ, ಸರ್ಕಾರದ ಜೊತೆಗಿನ ವ್ಯವಹಾರ ಅವರ ಹೆಸರಿನಲ್ಲಿ. ಪಾಲಿಸಿಯಲ್ಲಿ ನೀವು ಪಟ್ಟೇದಾರರ ಹಾಗೆ. ಪ್ರೀಮಿಯಂ ಕಟ್ಟುವವರು ನೀವು, ರದ್ದು ಮಾಡುವವರು ನೀವು, ನೋಟಿಸ್ ಬರುವುದೂ ನಿಮಗೇ. ಸೇರಿಸಿದ ಹೆಸರಿನವರಿಗೆ ಆ ಹೊರೆ ಇಲ್ಲ, ರಕ್ಷಣೆಯ ಒಂದು ಪಾಲು ಮಾತ್ರ ಇದೆ. ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ. ಒಕ್ಕದವರ, ಅಂದರೆ ಆ ಕುಟುಂಬದವರ, ಹಕ್ಕು ಹುಟ್ಟಿನಿಂದ ಬಂದದ್ದು. ಇವರ ಹಕ್ಕು ಒಂದು ಕಾಗದದಿಂದ ಬಂದದ್ದು, ಆ ಕಾಗದದಲ್ಲಿ ಬರೆದಷ್ಟೇ.

ಆ ಕಾಗದದಲ್ಲಿ ಏನು ಬರೆದಿದೆ ಅನ್ನುವುದೇ ಎಲ್ಲಕ್ಕಿಂತ ಮುಖ್ಯ. ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ.

ಸಿಜಿಎಲ್ ಪಾಲಿಸಿಯ ಮೂಲ ಅಮೆರಿಕದ್ದು. ಅಲ್ಲಿ ಐಎಸ್‌ಒ, ಅಂದರೆ ಇನ್ಶೂರೆನ್ಸ್ ಸರ್ವೀಸಸ್ ಆಫೀಸ್, ಅನ್ನುವ ಸಂಸ್ಥೆ ವಿಮಾ ಕಂಪನಿಗಳಿಗೆಲ್ಲ ಪಾಲಿಸಿಯ ನಮೂನೆ ಬರೆದುಕೊಡುತ್ತದೆ. ಹೆಸರು ಸೇರಿಸುವುದಕ್ಕೂ ಅವರದೇ ನಮೂನೆಗಳಿವೆ, ಪ್ರತಿಯೊಂದಕ್ಕೂ ನಂಬರ್ ಇದೆ. ಗುತ್ತಿಗೆ ಕೆಲಸ ನಡೆಯುತ್ತಿರುವಾಗಿನದಕ್ಕೆ ಸಿಜಿ 20 10, ಕೆಲಸ ಮುಗಿದ ಮೇಲಿನದಕ್ಕೆ ಸಿಜಿ 20 37, ಬಾಡಿಗೆಗೆ ಜಾಗ ಕೊಟ್ಟವರಿಗೆ ಸಿಜಿ 20 11, ಸರಕು ಮಾರುವವರಿಗೆ ಸಿಜಿ 20 15. ಹೆಸರು ಕೊಟ್ಟ ಒಬ್ಬರನ್ನು ಸೇರಿಸಲು ಸಿಜಿ 20 26. ದೊಡ್ಡ ಕಂಪನಿಗಳ ಒಪ್ಪಂದದಲ್ಲಿ ಈ ನಂಬರ್‌ಗಳನ್ನು ನೋಡಿದರೆ ಗಾಬರಿ ಬೇಡ, ಅಲ್ಲಿಂದ ಎತ್ತಿ ತಂದದ್ದು.

ಹಳೆಯ ನಮೂನೆಗಳಲ್ಲಿ, ನಿಮ್ಮ ಕೆಲಸದಿಂದ ‘ಉಂಟಾದ’ ಹೊಣೆಗೆಲ್ಲ ಸೇರಿಸಿದವರಿಗೂ ರಕ್ಷಣೆ ಅನ್ನುವ ಥರದ ಮಾತಿತ್ತು. ಕೋರ್ಟುಗಳು ‘ಉಂಟಾದ’ ಅನ್ನುವುದನ್ನು ಎಳೆದು ಎಳೆದು ಅಗಲ ಮಾಡಿದವು. ಕೆಲಸಕ್ಕೂ ಅಪಘಾತಕ್ಕೂ ಏನೋ ಒಂದು ನಂಟಿದ್ದರೆ ಸಾಕು ಅನ್ನುವ ಮಟ್ಟಕ್ಕೆ ಬಂತು. ಸೇರಿಸಿದವರ ಸ್ವಂತ ತಪ್ಪಿಗೂ ಪಾಲಿಸಿ ತೆಗೆದವರ ವಿಮೆ ಹಣ ಕೊಡಬೇಕಾಯಿತು. ಅದಕ್ಕೇ 2004ರಲ್ಲಿ ಮಾತು ಬದಲಾಯಿತು. ಪಾಲಿಸಿದಾರರ ಕೆಲಸ ಅಥವಾ ಲೋಪ ‘ಪೂರ್ತಿಯಾಗಿಯೋ ಭಾಗಶಃವೋ ಕಾರಣವಾಗಿದ್ದರೆ’ ಮಾತ್ರ ರಕ್ಷಣೆ ಅಂತ ಬರೆದರು. ಒಂದೇ ವಾಕ್ಯ ಬದಲಾದದ್ದು, ಕೋಟಿಗಟ್ಟಲೆ ಹಣ ಆ ಕಡೆಯಿಂದ ಈ ಕಡೆಗೆ ಹೋಯಿತು.

ಈ ವಾಕ್ಯ ಎಷ್ಟು ಬಿಗಿ ಅನ್ನುವುದು ನ್ಯೂಯಾರ್ಕ್‌ನ ಒಂದು ಪ್ರಕರಣದಲ್ಲಿ ಗೊತ್ತಾಯಿತು. ಸಬ್‌ವೇ ಕೆಲಸ ನಡೆಯುತ್ತಿತ್ತು. ಗುತ್ತಿಗೆದಾರರ ಅಗೆಯುವ ಯಂತ್ರ ಕಾಂಕ್ರೀಟಿನೊಳಗೆ ಹೂತಿದ್ದ ಕರೆಂಟ್ ಕೇಬಲ್‌ಗೆ ತಾಗಿ ಸ್ಫೋಟವಾಯಿತು. ಸಾರಿಗೆ ಪ್ರಾಧಿಕಾರದ ನೌಕರರೊಬ್ಬರು ಬಿದ್ದು ಗಾಯಗೊಂಡರು. ಕೇಬಲ್ ಎಲ್ಲಿದೆ ಅಂತ ಗುರುತು ಮಾಡಬೇಕಾದವರು, ಕರೆಂಟ್ ತೆಗೆಯಬೇಕಾದವರು ಪ್ರಾಧಿಕಾರದವರೇ. ಅವರು ಮಾಡಿರಲಿಲ್ಲ. ಗುತ್ತಿಗೆದಾರರ ತಪ್ಪು ಏನೂ ಇರಲಿಲ್ಲ. ಆದರೂ ಪ್ರಾಧಿಕಾರ ‘ನಾವು ಗುತ್ತಿಗೆದಾರರ ಪಾಲಿಸಿಯಲ್ಲಿ ಅಡಿಷನಲ್ ಇನ್ಶೂರ್ಡ್, ಯಂತ್ರ ಅವರದು, ಹಣ ಕೊಡಿ’ ಅಂದಿತು. 2017ರಲ್ಲಿ ಆ ರಾಜ್ಯದ ಅತ್ಯುನ್ನತ ನ್ಯಾಯಾಲಯ ಇಲ್ಲ ಅಂದಿತು. ಯಂತ್ರ ತಾಗಿದ್ದು ಹೌದು, ಆದರೆ ಕಾನೂನಿನ ಕಣ್ಣಿನಲ್ಲಿ ಅಪಘಾತದ ಕಾರಣ ಅದಲ್ಲ ಅಂತ. ಬರ್ಲಿಂಗ್ಟನ್ ಪ್ರಕರಣ ಅಂತಲೇ ವಿಮೆಯವರಲ್ಲಿ ಪ್ರಸಿದ್ಧ. ನ್ಯೂಯಾರ್ಕ್ ತೀರ್ಪು ಮಡಿಕೇರಿ ಕೋರ್ಟನ್ನು ಕಟ್ಟಿಹಾಕುವುದಿಲ್ಲ. ಆದರೆ ನಮ್ಮ ಪಾಲಿಸಿಯಲ್ಲೂ ಅದೇ ಮಾತು ಅಚ್ಚಾಗಿದ್ದರೆ ಜಗಳವೂ ಅದೇ ದಾರಿ ಹಿಡಿಯುತ್ತದೆ.

ನಿಮ್ಮ ತೋಟಕ್ಕೆ ಇಳಿಸಿ ನೋಡಿ. ಪಾಚಿ ಮೆಟ್ಟಿಲು ನಿಮ್ಮ ಲೋಪ, ಹಾಗಾಗಿ ಕಂಪನಿಗೂ ರಕ್ಷಣೆ ಸಿಗುತ್ತದೆ. ಆದರೆ ಅವರದೇ ಮ್ಯಾನೇಜರ್ ನಿಮ್ಮ ಮಾತು ಮೀರಿ, ರಾತ್ರಿ ಹತ್ತಕ್ಕೆ ಎಲ್ಲರನ್ನೂ ತೋಡಿನ ಆಚೆ ದಡಕ್ಕೆ ಕರೆದುಕೊಂಡು ಹೋಗಿ ಯಾರಿಗೋ ಪೆಟ್ಟಾದರೆ? ಹಳೆಯ ‘ಉಂಟಾದ’ ಮಾತಿದ್ದರೆ ಅದೂ ನಿಮ್ಮ ಪಾಲಿಸಿಯ ಕೊರಳಿಗೆ ಬೀಳಬಹುದು. ‘ಕಾರಣವಾಗಿದ್ದರೆ’ ಅನ್ನುವ ಮಾತಿದ್ದರೆ ಅವರ ತಪ್ಪು ಅವರ ಪಾಲಿಸಿಗೆ. ನಿಮಗೆ ಬೇಕಾದ್ದು ಎರಡನೆಯದು. ಕಂಪನಿಯ ವಕೀಲರು ಮೊದಲನೆಯದನ್ನೇ ಕೇಳುತ್ತಾರೆ. ಅದು ಅವರ ಕೆಲಸ ಅಲ್ವಾ.

ಕಂಪನಿಯವರೇ ಗಮನಿಸದ ಒಂದು ತಿರುವು ಇದೆ. ಬರುವ 60 ಜನ ಅವರ ನೌಕರರು. ಸಿಜಿಎಲ್‌ನಲ್ಲಿ ಪ್ರತಿ ಇನ್ಶೂರ್ಡ್‌ನನ್ನೂ ಬೇರೆ ಬೇರೆ ಪಾಲಿಸಿ ಇದ್ದ ಹಾಗೆ ನೋಡಬೇಕು ಅನ್ನುವ ಷರತ್ತಿದೆ. ತನ್ನದೇ ನೌಕರನಿಗೆ ಕೆಲಸದ ಸಂಬಂಧದಲ್ಲಿ ಆದ ಪೆಟ್ಟಿಗೆ ಹಣ ಇಲ್ಲ ಅನ್ನುವ ಇನ್ನೊಂದು ಷರತ್ತೂ ಇದೆ. ಎರಡನ್ನೂ ಸೇರಿಸಿ ಓದಿ. ಜಾರಿ ಬಿದ್ದವರು ನಿಮ್ಮ ನೌಕರರಲ್ಲ, ಹಾಗಾಗಿ ನಿಮಗೆ ರಕ್ಷಣೆ ಇದೆ. ಕಂಪನಿಗೆ ಅವರು ಸ್ವಂತ ನೌಕರರು. ಔಟಿಂಗ್ ಕೂಡ ಕೆಲಸದ ಭಾಗವೇ ಅಂತ ತೀರ್ಮಾನವಾದರೆ, ಹೆಸರು ಸೇರಿಸಿದ್ದರೂ ಕಂಪನಿಗೆ ನಿಮ್ಮ ಪಾಲಿಸಿಯಿಂದ ಬಿಡಿಗಾಸೂ ಸಿಗುವುದಿಲ್ಲ. ಅದಕ್ಕೆ ಅವರದೇ ನೌಕರರ ಪರಿಹಾರ ವಿಮೆ ಬೇಕು. ಇದನ್ನು ಅವರಿಗೆ ಹೇಳಿ. ನಿಮ್ಮ ಮೇಲೆ ಅವರಿಗೆ ಗೌರವ ಸ್ವಲ್ಪ ಜಾಸ್ತಿ ಆಗಬಹುದು.

ಇನ್ನು ಮೊತ್ತ. ಹೆಸರು ಸೇರಿದರೆ ಕವರ್ ಎರಡರಷ್ಟಾಗುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ. ಆಗುವುದಿಲ್ಲ. ಬಾವಿ ಅದೇ, ನೀರು ಸೇದುವ ಮನೆ ಎರಡಾಯಿತು ಅಷ್ಟೆ. ನಮ್ಮ ಪಬ್ಲಿಕ್ ಲಯಬಿಲಿಟಿ ಪಾಲಿಸಿಗಳಲ್ಲಿ ಎರಡು ಅಂಕಿ ಇರುತ್ತವೆ, ಒಂದು ಅಪಘಾತಕ್ಕೆ ಎಷ್ಟು, ಇಡೀ ವರ್ಷಕ್ಕೆ ಎಷ್ಟು ಅಂತ. ವಕೀಲರ ಖರ್ಚೂ ಸಾಮಾನ್ಯವಾಗಿ ಇದೇ ಮೊತ್ತದೊಳಗೆ ಬರುತ್ತದೆ. ಹಾಗಾಗಿ ಕಂಪನಿಯ ದುಬಾರಿ ವಕೀಲರ ಫೀಸು ನಿಮ್ಮ ಬಾವಿಯಿಂದಲೇ ಹೋಗುತ್ತದೆ. ಡಿಸೆಂಬರ್‌ನಲ್ಲಿ ಒಂದು ದೊಡ್ಡ ಕ್ಲೇಮ್ ಆದರೆ, ಮಾರ್ಚ್‌ನಲ್ಲಿ ಬರುವ ಬೇರೆ ಅತಿಥಿಗೆ ಏನಾದರೂ ಆದಾಗ ತಳ ಕಾಣಬಹುದು. ಅವರು 2 ಕೋಟಿ ಕೇಳಿದ್ದಾರೆ. ನಿಮ್ಮದು 50 ಲಕ್ಷದ ಪಾಲಿಸಿ ಆಗಿದ್ದು, ಸುಮ್ನೆ ಸಹಿ ಹಾಕಿದರೆ, ಸಹಿ ಹಾಕಿದ ಕ್ಷಣದಲ್ಲೇ ನೀವು ಒಪ್ಪಂದ ಮುರಿದವರಾಗುತ್ತೀರಿ. ಅಪಘಾತ ಆಗುವ ತನಕ ಯಾರಿಗೂ ಗೊತ್ತಾಗುವುದಿಲ್ಲ, ಅಷ್ಟೆ.

ಒಪ್ಪಂದ ಮುರಿದರೆ ಏನಾಗುತ್ತದೆ? ಇಡೀ ವಿಷಯದಲ್ಲಿ ನನಗೆ ನಿಜವಾಗಿ ಹೆದರಿಕೆ ಹುಟ್ಟಿಸುವುದು ಇದೇ. ಹೆಸರು ಸೇರಿಸುತ್ತೇವೆ ಅಂತ ನೀವು ಬರೆದುಕೊಟ್ಟಿರಿ, ಸೇರಿಸಲಿಲ್ಲ. ಅಪಘಾತ ಆಯಿತು. ಕಂಪನಿಯವರು ‘ಸೇರಿಸಿದ್ದರೆ ನಿಮ್ಮ ವಿಮೆಯಿಂದ ಸಿಗುತ್ತಿದ್ದ ಹಣವನ್ನು ನೀವೇ ಕೊಡಿ’ ಅಂತಾರೆ. ಅದು ಅಪಘಾತದ ಪರಿಹಾರ ಅಲ್ಲ, ಮಾತು ತಪ್ಪಿದ್ದರ ನಷ್ಟ. ಮಾತು ತಪ್ಪಿದ್ದಕ್ಕೆ ಲಯಬಿಲಿಟಿ ಪಾಲಿಸಿ ಹಣ ಕೊಡುವುದಿಲ್ಲ. ತೋಟ ಮಾರಿಯಾದರೂ ಕೊಡಬೇಕಾದೀತು.

ಇದರ ಪಕ್ಕದಲ್ಲೇ ‘ಇಂಡೆಮ್ನಿಟಿ’ ಅನ್ನುವ ಷರತ್ತು ಇರುತ್ತದೆ, ಹುಡುಕಿ. ಕಂಪನಿಗೆ ಯಾವ ನಷ್ಟ ಬಂದರೂ ನಾವು ತುಂಬಿಕೊಡುತ್ತೇವೆ ಅನ್ನುವ ವಾಗ್ದಾನ ಅದು. 1872ರ ಭಾರತೀಯ ಕರಾರು ಕಾಯ್ದೆಯ 124ನೇ ಸೆಕ್ಷನ್ ಇದಕ್ಕೆ ಜಾಗ ಕೊಟ್ಟಿದೆ. ವಾಗ್ದಾನ ಮಾಡಿದವರ ನಡತೆಯಿಂದ ಆದ ನಷ್ಟಕ್ಕಷ್ಟೇ ಅಲ್ಲ, ಬೇರೆ ಯಾರದೇ ನಡತೆಯಿಂದ ಆದದ್ದಕ್ಕೂ ಹೀಗೆ ಬರೆದುಕೊಡಬಹುದು. ಎಂಡಾರ್ಸ್‌ಮೆಂಟ್ ಬೇರೆ, ಇದು ಬೇರೆ. ಎಂಡಾರ್ಸ್‌ಮೆಂಟ್‌ನಲ್ಲಿ ಸಿಗದ ಹಣವನ್ನು ಅವರು ಈ ಬಾಗಿಲಿನಿಂದ ಬಂದು ಕೇಳಬಹುದು. ಹಾಗಾಗಿ ಎರಡನ್ನೂ ಒಂದೇ ಅಳತೆಗೆ ತನ್ನಿ. ‘ನಮ್ಮ ಲೋಪ ಕಾರಣವಾದಷ್ಟರ ಮಟ್ಟಿಗೆ’ ಅನ್ನುವ ಮಾತು ಎರಡು ಕಡೆಯೂ ಇರಲಿ.

ವಸೂಲಿಗೆ ಹೋಗಬಾರದು ಅನ್ನುವ ಷರತ್ತಿನ ಬಗ್ಗೆ ಒಂದೇ ಮಾತು. ಹಣ ಕೊಟ್ಟ ವಿಮಾ ಕಂಪನಿಗೆ, ನಿಜವಾಗಿ ತಪ್ಪು ಮಾಡಿದವರ ಹತ್ತಿರ ಹೋಗಿ ವಸೂಲಿ ಮಾಡುವ ಹಕ್ಕಿದೆ. ಆ ಹಕ್ಕನ್ನು ನೀವು ಮೊದಲೇ ಬಿಟ್ಟುಕೊಟ್ಟು ಬರೆದುಕೊಟ್ಟರೆ, ‘ನಮ್ಮ ಹಕ್ಕು ನೀವು ಯಾಕೆ ಬಿಟ್ಟಿರಿ?’ ಅಂತ ಅವರು ನಿಮ್ಮ ಕ್ಲೇಮನ್ನೇ ತಡೆಯಬಹುದು. ವಿಮಾ ಕಂಪನಿ ಬರವಣಿಗೆಯಲ್ಲಿ ಒಪ್ಪಿದ ಮೇಲೆ ಮಾತ್ರ ಸಹಿ.

ಈಗ ನಿಮ್ಮ ಏಜೆಂಟ್ ಹೇಳಿದ ಸರ್ಟಿಫಿಕೇಟ್. ಕಂಪನಿ ಹೆಸರು, ಪಾಲಿಸಿ ನಂಬರ್, ಮೊತ್ತ, ತಾರೀಕು ಬರೆದ ಒಂದು ಪುಟ. ಪಾಲಿಸಿ ಇದೆ ಅನ್ನುವುದಕ್ಕೆ ಅದು ಗುರುತು. ಅಮೆರಿಕದಲ್ಲಿ ಬಳಸುವ ಅಕಾರ್ಡ್ 25 ಅನ್ನುವ ಸರ್ಟಿಫಿಕೇಟಿನ ತಲೆಯಲ್ಲೇ ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ, ಇದು ಮಾಹಿತಿಗೆ ಮಾತ್ರ, ಇದನ್ನು ಹಿಡಿದವರಿಗೆ ಇದರಿಂದ ಯಾವ ಹಕ್ಕೂ ಬರುವುದಿಲ್ಲ ಅಂತ. ಅದನ್ನು ಯಾರೂ ಓದುವುದಿಲ್ಲ.

ನಾನೂ ಓದದ ದಿನ ಇತ್ತು. ಕೆಲವು ವರ್ಷದ ಹಿಂದೆ ನಮ್ಮ ಕಡೆಯ ಒಂದು ತೋಟದಲ್ಲಿ ಮದುವೆ. ಪೆಂಡಾಲ್ ಹಾಕುವವರ ಹೊಣೆಯ ವಿಮೆಯಲ್ಲಿ ತೋಟದ ಮಾಲೀಕರ ಹೆಸರು ಸೇರಬೇಕು ಅಂತ ಮಾತಾಗಿತ್ತು. ಸರ್ಟಿಫಿಕೇಟ್ ಬಂತು. ಮಾಲೀಕರ ಹೆಸರು ಚೆನ್ನಾಗಿ ಟೈಪ್ ಆಗಿತ್ತು. ನೋಡಿ ‘ಸರಿ ಇದೆ’ ಅಂದವನು ನಾನೇ. ಸಂಜೆ ಗಾಳಿ ಎದ್ದು ಪೆಂಡಾಲ್‌ನ ಒಂದು ಬದಿ ಕುಸಿಯಿತು. ವಯಸ್ಸಾದ ಅತಿಥಿಯೊಬ್ಬರ ಕಾಲು ಮುರಿಯಿತು. ಕ್ಲೇಮ್ ಹಾಕಿದಾಗ ಪಾಲಿಸಿಯಲ್ಲಿ ಎಂಡಾರ್ಸ್‌ಮೆಂಟೇ ಇರಲಿಲ್ಲ. ಯಾರೋ ಸರ್ಟಿಫಿಕೇಟಿನಲ್ಲಿ ಹೆಸರು ಟೈಪ್ ಮಾಡಿ ಕೈ ತೊಳೆದುಕೊಂಡಿದ್ದರು. ಆ ಮಾಲೀಕರು ಆಸ್ಪತ್ರೆ ಬಿಲ್ಲನ್ನು ಜೇಬಿನಿಂದ ಕಟ್ಟಿದರು. ನನಗೆ ಒಂದು ಮಾತೂ ಅನ್ನಲಿಲ್ಲ. ಅದೇ ಜಾಸ್ತಿ ನೋವಾಯಿತು. ಅಂದಿನಿಂದ ಎಂಡಾರ್ಸ್‌ಮೆಂಟಿನ ಪ್ರತಿ, ಅದರ ನಂಬರ್, ಶುರುವಾಗುವ ತಾರೀಕು ನೋಡದೆ ನಾನು ಯಾರಿಗೂ ‘ಸರಿ’ ಅನ್ನುವುದಿಲ್ಲ.

ತಾರೀಕು ಅಂದೆ. 1938ರ ವಿಮಾ ಕಾಯ್ದೆಯ 64ವಿಬಿ ಸೆಕ್ಷನ್ ಪ್ರಕಾರ ಪ್ರೀಮಿಯಂ ಮುಂಚಿತವಾಗಿ ಕೈಸೇರದೆ ವಿಮಾ ಕಂಪನಿ ರಿಸ್ಕ್ ಹೊತ್ತುಕೊಳ್ಳುವ ಹಾಗಿಲ್ಲ. ಹೆಸರು ಸೇರಿಸಲು, ಮೊತ್ತ ಏರಿಸಲು ಹೆಚ್ಚಿನ ಪ್ರೀಮಿಯಂ ಕೇಳಿದರೆ, ಅದು ಕಟ್ಟಿದ ಮೇಲೇ ಕವರ್. ‘ಬಸ್ ಕುಶಾಲನಗರ ದಾಟಿದೆ, ಸಂಜೆ ಹಣ ಹಾಕ್ತೇನೆ’ ಅನ್ನುವುದು ಇಲ್ಲಿ ನಡೆಯುವುದಿಲ್ಲ.

ಇನ್ನೊಂದು ತಾರೀಕೂ ಇದೆ. ನಮ್ಮ ಪಬ್ಲಿಕ್ ಲಯಬಿಲಿಟಿ ಪಾಲಿಸಿಗಳು ಸಾಮಾನ್ಯವಾಗಿ, ಕ್ಲೇಮ್ ಪಾಲಿಸಿ ಅವಧಿಯೊಳಗೇ ಬರಬೇಕು ಅನ್ನುವ ಜಾತಿಯವು. ಅಪಘಾತ ಈ ವರ್ಷ ಆಗಿ ನೋಟಿಸ್ ಎರಡು ವರ್ಷ ಬಿಟ್ಟು ಬಂದರೆ, ನಡುವೆ ನೀವು ಪಾಲಿಸಿ ಬಿಟ್ಟಿದ್ದರೆ, ಕಷ್ಟ. ಈ ಥರದ ಕೇಸುಗಳು ಎಷ್ಟು ಉದ್ದ ಹೋಗಬಹುದು ಅನ್ನುವುದಕ್ಕೆ ದಿಲ್ಲಿಯ ಒಂದು ದೊಡ್ಡ ಹೋಟೆಲಿನ ಈಜುಕೊಳದ ಪ್ರಕರಣ ನೋಡಿ. ಜರ್ಮನ್ ವಿಮಾನದ ಸಹ ಪೈಲಟ್ ಒಬ್ಬರು ಕೊಳಕ್ಕೆ ಹಾರಿ ತಲೆಗೆ ಪೆಟ್ಟಾಗಿ ಲಕ್ವ ಹೊಡೆದದ್ದು 1972ರಲ್ಲಿ. ದಿಲ್ಲಿ ಹೈಕೋರ್ಟ್ 50 ಲಕ್ಷ ರೂಪಾಯಿ ಕೊಡಿ ಅಂದದ್ದು 1997ರಲ್ಲಿ. ಆಮೇಲೆ ಮೇಲ್ಮನವಿಯಲ್ಲಿ ಆ ತೀರ್ಪು ನಿಲ್ಲಲಿಲ್ಲ. ಗೆದ್ದವರು ಯಾರು ಅನ್ನುವುದು ಬಿಡಿ, ಅಷ್ಟು ವರ್ಷ ವಕೀಲರಿಗೆ ಹಣ ಕಟ್ಟಿದವರನ್ನು ನೆನೆಯಿರಿ. ಏನೇ ಸಣ್ಣ ಪೆಟ್ಟಾದರೂ ಅದೇ ವಾರ ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ. ಕಂಪನಿಯವರೂ ನಿಮಗೆ ತಕ್ಷಣ ತಿಳಿಸಬೇಕು ಅಂತ ಒಪ್ಪಂದದಲ್ಲಿ ಹಾಕಿಸಿ.

ಈವರೆಗೆ ಅವರು ನಿಮ್ಮಿಂದ ಕೇಳುವುದರ ಮಾತಾಯಿತು. ನೀವು ಕೇಳಬೇಕಾದ್ದು ಜಿಪ್‌ಲೈನಿನವರನ್ನು. ನಿಮ್ಮ ಪತ್ರದಲ್ಲಿ ಅವರ ಬಗ್ಗೆ ಒಂದೇ ಸಾಲು ಇತ್ತು. ನನ್ನ ಲೆಕ್ಕದಲ್ಲಿ ಅಪಾಯದ ದೊಡ್ಡ ಪಾಲು ಆ ಸಾಲಿನಲ್ಲೇ ಇದೆ. ತಂತಿ ಅವರದು, ಹುಡುಗರು ಅವರವರು. ಮರ ನಿಮ್ಮದು, ಜಾಗ ನಿಮ್ಮದು, ಬಾಡಿಗೆ ಬರುವುದು ನಿಮಗೆ. ಬೆಲ್ಟ್ ಬಿಚ್ಚಿಕೊಂಡರೆ ನೋಟಿಸ್ ಇಬ್ಬರಿಗೂ ಬರುತ್ತದೆ. ಅವರ ಹೊಣೆಯ ವಿಮೆಯಲ್ಲಿ ನಿಮ್ಮ ಹೆಸರು ಅಡಿಷನಲ್ ಇನ್ಶೂರ್ಡ್ ಆಗಿ ಸೇರಬೇಕು. ಬೆಂಗಳೂರಿನ ಕಂಪನಿ ನಿಮ್ಮಿಂದ ಕೇಳುವ ಸಾಲುಗಳನ್ನೇ ನೀವು ಅವರಿಂದ ಕೇಳಿ, ನಾಚಿಕೆ ಬೇಡ.

ಆದರೆ ಹೆಸರು ಸೇರಿದ ಮಾತ್ರಕ್ಕೆ ಮೈಮರೆಯಬೇಡಿ. ಸೇರಿಸಿದವರಿಗೆ ಪಾಲಿಸಿಯ ಯಜಮಾನನಿಗಿಂತ ಜಾಸ್ತಿ ಸಿಗುವುದಿಲ್ಲ. ಸಾಹಸ ಕ್ರೀಡೆಯಲ್ಲಿ ಭಾಗವಹಿಸುವವರಿಗೆ ಆದ ಪೆಟ್ಟನ್ನು ಹೊರಗಿಡುವ ಷರತ್ತು ಎಷ್ಟೋ ಪಾಲಿಸಿಗಳಲ್ಲಿ ಇರುತ್ತದೆ. ಅದು ಅವರ ಪಾಲಿಸಿಯಲ್ಲಿದ್ದರೆ, ನೀವು ಸೇರಿರುವುದು ಖಾಲಿ ಡಬ್ಬಿಗೆ. ನಿಮ್ಮ ಸ್ವಂತ ಪಾಲಿಸಿಯಲ್ಲೂ ಅದಿದೆಯಾ ನೋಡಿ. ಜಿಪ್‌ಲೈನ್ ಇದೆ ಅಂತ ನಿಮ್ಮ ವಿಮಾ ಕಂಪನಿಗೆ ಯಾವತ್ತಾದರೂ ಹೇಳಿದ್ದೀರಾ? ಹೇಳಿಲ್ಲದಿದ್ದರೆ ಈಗ ಹೇಳಿ. ಹಾಗೇ ಡಿಸೆಂಬರ್ ಅಂದರೆ ಅರೇಬಿಕಾ ಕೊಯ್ಲು. ಕಣದಲ್ಲಿ ಕಾಫಿ, ದಾರಿಯಲ್ಲಿ ಟ್ರ್ಯಾಕ್ಟರ್, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಓಡುತ್ತಿರುತ್ತದೆ, ಅದರ ನಡುವೆ ಫೋಟೋ ಹೊಡೆಯುವ 60 ಜನ. ಒಂದೇ ದಿನ ಅಷ್ಟು ಜನ ಬರುತ್ತಾರೆ ಅನ್ನುವುದನ್ನೂ ತಿಳಿಸಿ.

ಮರಗಸಿಗೆ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವುದಕ್ಕೆ, ಮೆಣಸು ಕೊಯ್ಲಿಗೆ ಗುತ್ತಿಗೆ ಕೊಡುವ ಅಭ್ಯಾಸ ಇದ್ದರೆ ಇದನ್ನೂ ಕೇಳಿಸಿಕೊಳ್ಳಿ. ಸಿಲ್ವರ್ ಓಕ್‌ನಿಂದ ಗುತ್ತಿಗೆದಾರರ ಆಳು ಬಿದ್ದರೆ ಅಡಿಷನಲ್ ಇನ್ಶೂರ್ಡ್ ಆಗಿರುವುದು ಸಾಲದು. ನಿಮ್ಮ ವ್ಯವಹಾರದ ಕೆಲಸಕ್ಕೆ ಗುತ್ತಿಗೆದಾರರು ತಂದ ಆಳಿಗೆ ನೀವೇ ಪರಿಹಾರ ಕೊಟ್ಟು ಆಮೇಲೆ ಗುತ್ತಿಗೆದಾರರಿಂದ ವಸೂಲಿ ಮಾಡಿಕೊಳ್ಳಿ ಅನ್ನುವುದು 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಕಾಲದಿಂದ ಬಂದ ನಿಯಮ. ಅದಕ್ಕೆ ಕಾರ್ಮಿಕರ ಪರಿಹಾರದ ಪಾಲಿಸಿಯೇ ಬೇಕು, ಗುತ್ತಿಗೆ ಆಳುಗಳನ್ನೂ ಸೇರಿಸಿ.

ನಿಮ್ಮ ತಮ್ಮನ ವಿಷಯ. ಹೆಸರು ಒಂದೇ, ಜಾತಿ ಬೇರೆ. ಅಮೆರಿಕದವರು ಕೇಳುತ್ತಿರುವುದು ‘ವೆಂಡರ್ಸ್ ಎಂಡಾರ್ಸ್‌ಮೆಂಟ್’. ತಯಾರಿಸಿದವರ ಸರಕಿನಲ್ಲಿ ದೋಷ ಇದ್ದು ಗ್ರಾಹಕರಿಗೆ ಪೆಟ್ಟಾದರೆ, ಅಂಗಡಿಯವರ ಮೇಲೂ ಕೇಸ್ ಬೀಳುತ್ತದೆ. ಆಗ ತಯಾರಕರ ಪಾಲಿಸಿ ಅಂಗಡಿಯವರನ್ನೂ ಕಾಯುತ್ತದೆ. ಆದರೆ ಅಂಗಡಿಯವರು ಸರಕನ್ನು ಇದ್ದ ಹಾಗೇ ಮಾರಬೇಕು. ಅವರು ಬೇಕಂತಲೇ ಸರಕನ್ನು ಬದಲಿಸಿದರೆ, ಬೇರೆ ಲೇಬಲ್ ಹಚ್ಚಿದರೆ, ಇನ್ನೊಂದರಲ್ಲಿ ಬೆರೆಸಿದರೆ, ನೀವು ಹೇಳದ ಗ್ಯಾರಂಟಿ ತಾವೇ ಕೊಟ್ಟರೆ ರಕ್ಷಣೆ ಇಲ್ಲ.

ಈಗ ಕಾಫಿ ನೋಡಿ. ತಮ್ಮ ಹುರಿದು, ಪುಡಿ ಮಾಡಿ, ತನ್ನ ಬ್ರ್ಯಾಂಡಿನ ಪ್ಯಾಕೆಟ್ಟಿನಲ್ಲೇ ಕಳಿಸಿದರೆ ಈ ಎಂಡಾರ್ಸ್‌ಮೆಂಟ್ ಕೊಳ್ಳುವವರಿಗೆ ಉಪಯೋಗ. ಕ್ಯೂರಿಂಗ್ ಆದ ಹಸಿರು ಬೀಜ ಕಳಿಸಿ ಅಲ್ಲಿನವರು ಹುರಿದರೆ? ಹುರಿಯುವುದು ಅಂದರೆ ಸರಕನ್ನು ಬದಲಿಸುವುದೇ. ಬೇರೆ ದೇಶದ ಬೀಜದ ಜೊತೆ ಬೆರೆಸಿ ತಮ್ಮ ಲೇಬಲ್ ಹಚ್ಚಿದರೆ ಇನ್ನೆರಡು ಷರತ್ತುಗಳೂ ಬಂದು ಕೂರುತ್ತವೆ. ಮಾಮೂಲಿ ವೆಂಡರ್ಸ್ ನಮೂನೆಯಲ್ಲಿ ಅಂಥ ರೋಸ್ಟರ್‌ಗಳಿಗೆ ಸಿಗುವುದು ಬಹಳ ಕಡಿಮೆ. ಅದನ್ನು ಮೊದಲೇ ಬಿಡಿಸಿ ಹೇಳಿದರೆ ಇಬ್ಬರಿಗೂ ಒಳ್ಳೆಯದು. ಇದಕ್ಕಿಂತ ಮುಖ್ಯವಾದ್ದು ಇನ್ನೊಂದು. ನಮ್ಮಲ್ಲಿ ಮಾಡಿಸುವ ಎಷ್ಟೋ ಪಾಲಿಸಿಗಳು ಭಾರತದ ಕೋರ್ಟುಗಳಲ್ಲಿ ಹಾಕಿದ ಕೇಸಿಗೆ ಮಾತ್ರ. ಅಮೆರಿಕ, ಕೆನಡಾದ ಕೋರ್ಟುಗಳನ್ನು ಸೇರಿಸಬೇಕಾದರೆ ಬೇರೆಯಾಗಿ ಕೇಳಿ ಬರೆಸಬೇಕು, ಪ್ರೀಮಿಯಂ ಚುರುಕು ಮುಟ್ಟಿಸುತ್ತದೆ. ಅದಿಲ್ಲದೆ ಅಮೆರಿಕದವರ ಹೆಸರು ಸೇರಿಸುವುದು ಬರೀ ಕಾಗದಕ್ಕೆ ಕೇಡು.

ಕಂಪನಿಗೆ ಏನು ಬರೆಯಬೇಕು? ನಾನಾದರೆ ಇಷ್ಟೇ ಬರೆಯುತ್ತಿದ್ದೆ: ‘ನಮ್ಮ ಅಥವಾ ನಮ್ಮ ಕೆಲಸದವರ ಲೋಪ ಪೂರ್ತಿಯಾಗಿಯೋ ಭಾಗಶಃವೋ ಕಾರಣವಾದ ಅಪಘಾತಗಳ ಮಟ್ಟಿಗೆ ನಿಮ್ಮನ್ನು ಅಡಿಷನಲ್ ಇನ್ಶೂರ್ಡ್ ಆಗಿ ಸೇರಿಸುತ್ತೇವೆ. ಮೊತ್ತ ನಮ್ಮ ಪಾಲಿಸಿಯಲ್ಲಿ ಇರುವಷ್ಟು. ಎಂಡಾರ್ಸ್‌ಮೆಂಟಿನ ಪ್ರತಿಯನ್ನು ಕಾರ್ಯಕ್ರಮಕ್ಕೆ ಏಳು ದಿನ ಮುಂಚೆ ಕಳಿಸುತ್ತೇವೆ. ವಿಮಾ ಕಂಪನಿ ಒಪ್ಪದಿದ್ದರೆ ಒಪ್ಪಂದದ ಈ ಷರತ್ತನ್ನು ಇಬ್ಬರೂ ಕೂತು ತಿದ್ದೋಣ.’ 2 ಕೋಟಿಯೇ ಬೇಕು ಅಂತ ಹಟ ಹಿಡಿದರೆ, ಏರಿಸಲು ಆಗುವ ಪ್ರೀಮಿಯಂ ಕೇಳಿ ತಿಳಿದು, ಬಿಲ್ಲಿನಲ್ಲಿ ಸೇರಿಸಿ. 60 ಜನರಿಗೆ ಹಂಚಿದರೆ ತಲೆಗೆ ಎಷ್ಟಾಗುತ್ತದೆ ಲೆಕ್ಕ ಹಾಕಿ ತೋರಿಸಿ.

ಜಿಪ್‌ಲೈನಿನವರಿಗೆ ಇವತ್ತೇ ಫೋನ್ ಮಾಡಿ ಪಾಲಿಸಿಯ ಪೂರ್ತಿ ಪ್ರತಿ ಕೇಳಿ, ಸರ್ಟಿಫಿಕೇಟ್ ಅಲ್ಲ. ನಿಮ್ಮ ಹೆಸರಿನ ಎಂಡಾರ್ಸ್‌ಮೆಂಟ್ ಕೈಗೆ ಬರುವ ತನಕ ಆ ಏಣಿಗೆ ಬೀಗ ಹಾಕಿ, ಕೀಲಿ ನಿಮ್ಮ ಹತ್ತಿರವೇ ಇರಲಿ. ಕಂಪನಿಯ ಒಪ್ಪಂದ, ನಿಮ್ಮ ಪಾಲಿಸಿ, ಎರಡರ ಪ್ರತಿಯನ್ನೂ ನನಗೆ ಕಳಿಸಿ. ಇಂಡೆಮ್ನಿಟಿ ಷರತ್ತನ್ನು ನಾನೂ ಒಂದು ಸಲ ಓದುತ್ತೇನೆ.